ಯಾರೂ ಇಲ್ಲದ ಮರಳು ಎಂಬ ಸುಳ್ಳು

ಕಳೆದ ಎರಡು ಮೂರು ವರ್ಷಗಳಿಂದ ನಮ್ಮ ಘಟ್ಟದ ಮೇಲಿನ ಪೇಟೆಗಳಲ್ಲಿ, ಕಾಲೇಜುಗಳ ಸೂಚನಾಫಲಕಗಳಲ್ಲಿ ಹೊಸ ಬಗೆಯ ಕರಪತ್ರವೊಂದು ಕಾಣಿಸಿಕೊಳ್ಳುತ್ತಿದೆ. ನಾಲ್ಕು ರಾತ್ರಿ, ಐದು ಹಗಲು. ಜೈಸಲ್ಮೇರಿನಿಂದ ಹೊರಟು ಪಶ್ಚಿಮಕ್ಕೆ, ರಸ್ತೆ ಬಿಟ್ಟು, ದೂರದ ಮರಳುದಿಣ್ಣೆಗಳ ನಡುವೆ ಫೋರ್‌ವೀಲ್ ವಾಹನಗಳ ಸಾಲು. ಮುಂದೊಬ್ಬ ಮಾರ್ಗದರ್ಶಿ, ಹಿಂದೆ ಅಡುಗೆಯವರ ಗಾಡಿ, ರಾತ್ರಿ ದಿಣ್ಣೆಯ ಬುಡದಲ್ಲಿ ಡೇರೆ, ಬೆಂಕಿ, ಹಾಡು. ಮಳೆಗಾಲದ ನಾಲ್ಕು ತಿಂಗಳು ಮುಗಿಲು ಕಾಣದೆ ಕಳೆಯುವ ನಮ್ಮ ಹುಡುಗರಿಗೆ ಆ ಚಿತ್ರ ಮೋಹಕವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಕರಪತ್ರದಲ್ಲಿ ಮೂರು ನಾಲ್ಕು ಬಾರಿ ಬರುವ ಒಂದು ಶಬ್ದವಿದೆ. ಈ ಬರಹ ಆ ಶಬ್ದದ ವಿರುದ್ಧ. ಆ ಶಬ್ದ 'ಖಾಲಿ'. ಖಾಲಿ ಮರಳು, ಖಾಲಿ ದಿಗಂತ, ಯಾರಿಗೂ ಸೇರದ ಖಾಲಿ ನೆಲ.

ಪ್ರವಾಸಕ್ಕೆ ನನ್ನ ವಿರೋಧವಿಲ್ಲ. ಮಲೆನಾಡಿನವರು ಮರುಭೂಮಿಯನ್ನು ನೋಡಲೇಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವುದನ್ನು ಕಂಡವರು, ಇನ್ನೂರು ಮಿಲಿಮೀಟರ್ ಕೂಡ ಖಾತ್ರಿಯಿಲ್ಲದ ಊರಿನಲ್ಲಿ ಜನ ಹೇಗೆ ಬೇಸಾಯ ಮಾಡುತ್ತಾರೆಂದು ತಿಳಿದುಕೊಂಡರೆ ನೀರಿನ ವಿಷಯದಲ್ಲಿ ನಮಗಿರುವ ಉಡಾಫೆ ಸ್ವಲ್ಪ ಕಡಿಮೆಯಾದೀತು. ಒಣಬೇಸಾಯದ ಅಧ್ಯಯನಕ್ಕಾಗಿ ಎರಡು ಬಾರಿ ಜೋಧಪುರ, ಜೈಸಲ್ಮೇರ್ ಸೀಮೆಯಲ್ಲಿ ತಿರುಗಾಡಿದ್ದೇನೆ. ಅಲ್ಲಿ ಕಂಡದ್ದಕ್ಕೂ ಈ ಕರಪತ್ರ ಹೇಳುವುದಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದೇ ನನ್ನ ತಕರಾರು.

ಮೊದಲನೆಯದಾಗಿ, ಥಾರ್ ಖಾಲಿಯಲ್ಲ. ಜಗತ್ತಿನ ಮರುಭೂಮಿಗಳಲ್ಲೆಲ್ಲ ಅತ್ಯಂತ ದಟ್ಟ ಜನವಸತಿಯುಳ್ಳದ್ದು ಅದೇ ಎಂದು ಭೂಗೋಳದ ಪುಸ್ತಕಗಳೇ ಹೇಳುತ್ತವೆ. ಮರಳುದಿಣ್ಣೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಸಿನಿಮಾದಲ್ಲಿ ತೋರಿಸುವ ಬೋಳು, ನುಣುಪಾದ, ಅಲೆಯಲೆಯಾದ ಮರಳು. ಥಾರಿನ ಬಹುಪಾಲು ದಿಣ್ಣೆಗಳು ಹಾಗಿಲ್ಲ. ಅವು ಸಾವಿರಾರು ವರ್ಷಗಳ ಹಿಂದೆ ಗಾಳಿ ಕಟ್ಟಿದ, ಆಮೇಲೆ ಹುಲ್ಲು ಮತ್ತು ಪೊದೆಗಳು ಹಿಡಿದು ನಿಲ್ಲಿಸಿದ ದಿಣ್ಣೆಗಳು. ಒಂದೆರಡು ಮಳೆ ಬಿದ್ದರೆ ಅವುಗಳ ಇಳಿಜಾರಿನಲ್ಲಿ ರೈತರು ಸಜ್ಜೆ, ಮಡಕೆ, ಗೋರಿಕಾಯಿ ಬಿತ್ತುತ್ತಾರೆ. ನಡುನಡುವೆ ಕಲ್ಲಂಗಡಿಯ ಬಳ್ಳಿ ಹಬ್ಬಿಸುತ್ತಾರೆ. ಮೇಲಿನ ಒಂದಡಿ ಮರಳು ಬೂದಿಯಂತೆ ಒಣಗಿದ್ದರೂ ಅದೇ ಹೊದಿಕೆಯಾಗಿ ಕೆಳಗಿನ ಪಸೆಯನ್ನು ಬಿಸಿಲಿನಿಂದ ಕಾಯುತ್ತದೆ. ಬೇಸಿಗೆಯಲ್ಲಿ ದಿಣ್ಣೆಯನ್ನು ಕೈಯಿಂದ ತೋಡಿ ನೋಡಿದವರಿಗೆ ಇದು ಗೊತ್ತು. ನಮ್ಮ ಅಡಿಕೆ ತೋಟಕ್ಕೆ ಸೊಪ್ಪು ಹೊದಿಸುತ್ತೇವಲ್ಲ, ಅಲ್ಲಿ ಮರಳಿನ ಹೊದಿಕೆ ಮರಳಿಗೇ.

ಆ ಸೀಮೆಯ ಖೇಜಡಿ ಮರ ಬೇರೆ ಯಾವುದೂ ಅಲ್ಲ, ವಿಜಯದಶಮಿಯಂದು ನಾವು ಎಲೆ ಹಂಚಿಕೊಳ್ಳುವ ಬನ್ನಿ. ಅದರ ಕಾಯಿ ಅಲ್ಲಿಯವರಿಗೆ ಪಲ್ಯ, ಸೊಪ್ಪು ಮೇಕೆ ಒಂಟೆಗಳಿಗೆ ಮೇವು, ನೆರಳಿನಲ್ಲಿ ಸಜ್ಜೆಯ ಬೆಳೆ. 1730ರಲ್ಲಿ ಜೋಧಪುರದ ಅರಸರ ಆಳುಗಳು ಖೇಜಡಲೀ ಗ್ರಾಮದ ಬನ್ನಿಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿ ಮೊದಲಾಗಿ 363 ಮಂದಿ ಬಿಷ್ಣೋಯಿಗಳು ಮರ ತಬ್ಬಿ ಪ್ರಾಣ ಕೊಟ್ಟರು. 1983ರಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಆ ನೆನಪು ದೂರದ್ದೇನೂ ಆಗಿರಲಿಲ್ಲ. ಇಂಥ ನೆಲವನ್ನು ಯಾರಿಗೂ ಸೇರದ್ದು ಎನ್ನಲು ಕರಪತ್ರ ಬರೆದವರಿಗೆ ಅದೆಷ್ಟು ಧೈರ್ಯವಿರಬೇಕು!

ಇನ್ನು ವಾಹನದ ವಿಚಾರ. ಮರಳಿನಲ್ಲಿ ಗಾಡಿ ಓಡಿಸುವುದಕ್ಕೆ ಒಂದು ತಂತ್ರವಿದೆ. ಟಾರು ರಸ್ತೆಯಲ್ಲಿ ಮೂವತ್ತು ಪೌಂಡಿನ ಆಸುಪಾಸಿನಲ್ಲಿರುವ ಟೈರಿನ ಗಾಳಿಯನ್ನು ಹದಿನೈದು ಹದಿನೆಂಟಕ್ಕೆ ಇಳಿಸುತ್ತಾರೆ. ಟೈರು ಚಪ್ಪಟೆಯಾಗಿ ಹರಡಿ ಭಾರ ಹಂಚಿಹೋಗುತ್ತದೆ. ಗಾಡಿ ಹೂತುಕೊಳ್ಳದೆ ತೇಲುತ್ತದೆ. ದಿಣ್ಣೆ ಏರುವಾಗ ವೇಗ ಬಿಡುವಂತಿಲ್ಲ, ಬಿಟ್ಟರೆ ನಡುದಾರಿಯಲ್ಲಿ ಚಕ್ರ ತಿರುಗಿ ಗುಂಡಿ ತೋಡುತ್ತದೆ. ಆದ್ದರಿಂದ ಬುಡದಲ್ಲಿ ದೂರದಿಂದಲೇ ಓಟ ತೆಗೆದುಕೊಂಡು ನುಗ್ಗಬೇಕು. ಏರಲಾಗದಿದ್ದರೆ ಹಿಂದಕ್ಕಿಳಿದು ಮತ್ತೊಮ್ಮೆ, ಮಗದೊಮ್ಮೆ. ಒಂದು ಗಾಡಿ ಹೂತರೆ ಇನ್ನೊಂದು ಹಗ್ಗ ಕಟ್ಟಿ ಎಳೆಯುತ್ತದೆ. ಕೌಶಲವಿದೆ, ಅಲ್ಲಗಳೆಯಲಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯಲ್ಲಿ ಮೋಟಾರ್‌ಸೈಕಲ್ ಓಡಿಸಿದ ಮೊದಲ ಭಾರತೀಯನೆನಿಸಿದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟದ್ದೂ ನಿಜ. ಆದರೆ ಕೌಶಲ ಇದ್ದ ಮಾತ್ರಕ್ಕೆ ಅದನ್ನು ಎಲ್ಲಿ ಬೇಕಾದರೂ ತೋರಿಸಬಹುದು ಎಂದಾಗುವುದಿಲ್ಲ. ಬಂದೂಕಿನ ಗುರಿಯೂ ಕೌಶಲವೇ.

ಪ್ರವಾಸ ಏರ್ಪಡಿಸುವವರ ಬಳಿ ಇದಕ್ಕೊಂದು ಸಿದ್ಧ ಉತ್ತರವಿದೆ. ರಾತ್ರಿ ಗಾಳಿ ಬೀಸಿದರೆ ಚಕ್ರದ ಗುರುತು ಅಳಿಸಿಹೋಗುತ್ತದೆ, ಬೆಳಿಗ್ಗೆ ದಿಣ್ಣೆ ಮೊದಲಿನಂತೆಯೇ ಇರುತ್ತದೆ, ಹಾಗಾಗಿ ಹಾನಿಯೇ ಇಲ್ಲ. ಈ ಮಾತು ಅರ್ಧ ನಿಜ, ಆ ಕಾರಣಕ್ಕೇ ಅಪಾಯಕಾರಿ. ಬೋಳು ದಿಣ್ಣೆಯ ನೆತ್ತಿಯಲ್ಲಿ ಚಲಿಸುವ ಮರಳಿನ ಮೇಲೆ ಗುರುತು ನಿಲ್ಲುವುದಿಲ್ಲ. ಅಲ್ಲಿ ಜೀವಿಗಳೂ ಕಡಿಮೆ. ಆದರೆ ವಾಹನ ಆಕಾಶದಿಂದ ನೆತ್ತಿಗೆ ಇಳಿಯುವುದಿಲ್ಲ. ಒಂದು ದಿಣ್ಣೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವಣ ತಗ್ಗು, ಗರಸು ಬಯಲು, ಹುಲ್ಲುಗಾವಲು ದಾಟಲೇಬೇಕು. ಓಟ ತೆಗೆದುಕೊಳ್ಳುವುದು ದಿಣ್ಣೆಯ ಬುಡದಲ್ಲಿ, ಅಂದರೆ ಪೊದೆಗಳು ಬೇರೂರಿದ ಜಾಗದಲ್ಲಿ. ಕರಪತ್ರದ ಚಿತ್ರದಲ್ಲಿ ನೆತ್ತಿ ಮಾತ್ರ ಇರುತ್ತದೆ, ನೆಲದ ಮೇಲಿನ ದಾರಿಯಲ್ಲಿ ತಗ್ಗೇ ಹೆಚ್ಚು.

ಆ ತಗ್ಗಿನಲ್ಲಿ ಏನಿದೆ? ಸೇವಣ್ ಎಂಬ ಹುಲ್ಲಿದೆ. ಒಮ್ಮೆ ಬೇರೂರಿದರೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಬದುಕುವ ಬಹುವಾರ್ಷಿಕ ಹುಲ್ಲು ಅದು. ಥಾರ್‌ಪಾರ್ಕರ್ ತಳಿಯ ಹಸು ನಿಂತಿರುವುದೇ ಅದರ ಮೇಲೆ. ಅದರ ಜೀವ ಇರುವುದು ಎಲೆಯಲ್ಲಲ್ಲ, ನೆಲಮಟ್ಟದ ಬುಡದಲ್ಲಿ. ದನ ಮೇಯ್ದರೆ ಮತ್ತೆ ಚಿಗುರುತ್ತದೆ. ಎರಡು ಟನ್ನಿನ ಗಾಡಿ ಬುಡದ ಮೇಲೆ ಮತ್ತೆಮತ್ತೆ ತಿರುಗಿದರೆ ಚಿಗುರುವ ಕಣ್ಣೇ ಒಡೆಯುತ್ತದೆ. ಫೋಗ್ ಎಂಬ ಪೊದೆಯಿದೆ. ಅದರ ಹೂವನ್ನು ಅಲ್ಲಿಯ ಹೆಂಗಸರು ಮೊಸರಿನಲ್ಲಿ ಕಲಸಿ ಉಣ್ಣಲು ಕೊಡುತ್ತಾರೆ, ಅದರ ಬೇರು ದಿಣ್ಣೆಯನ್ನು ಹಿಡಿದಿರುತ್ತದೆ. ತೀರ ಕಣ್ಣಿಗೆ ಬೀಳದ ಇನ್ನೊಂದು ಬೆಳೆಯೂ ಇದೆ. ನಮ್ಮ ಗದ್ದೆಯ ರೈತರಿಗೆ ನೀಲಹಸಿರು ಪಾಚಿ ಪರಿಚಿತವಷ್ಟೆ. ಅದರ ಬಂಧುಗಳೇ ಮರುಭೂಮಿಯ ನೆಲದ ಮೇಲ್ಮೈಯಲ್ಲಿ ಅಂಟಿನ ಎಳೆಗಳಿಂದ ಮಣ್ಣಿನ ಕಣಗಳನ್ನು ಹೆಣೆದು ತೆಳುವಾದ ಚಿಪ್ಪು ಕಟ್ಟುತ್ತವೆ. ಆ ಚಿಪ್ಪು ಗಾಳಿಗೆ ಮಣ್ಣು ಏಳದಂತೆ ತಡೆಯುತ್ತದೆ, ಸಾರಜನಕವನ್ನೂ ಕೂಡಿಸುತ್ತದೆ. ಒಣಗಿದಾಗ ಅದು ಹಪ್ಪಳದಷ್ಟೇ ಗಟ್ಟಿ. ಒಮ್ಮೆ ಮುರಿದರೆ ಕೂಡಿಕೊಳ್ಳಲು ವರ್ಷಗಳೇ ಬೇಕು, ಮಳೆ ತೀರ ಕಡಿಮೆಯಿರುವ ಕಡೆ ದಶಕಗಳೂ ಆಗಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ಸೇನಾನಿ ಪ್ಯಾಟನ್ ತನ್ನ ಟ್ಯಾಂಕುಗಳಿಗೆ ತರಬೇತಿ ಕೊಡಲು ಮೊಹಾವಿ ಮರುಭೂಮಿಯನ್ನು ಆರಿಸಿಕೊಂಡ. ಆ ಚಕ್ರಪಟ್ಟಿಗಳ ಗುರುತು ಎಂಟು ದಶಕಗಳ ನಂತರವೂ ಅಲ್ಲಿನ ಗರಸು ನೆಲದ ಮೇಲೆ ಕಾಣುತ್ತದೆ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಪ್ರಾಚೀನರು ಬೆಟ್ಟದ ಮೈಮೇಲೆ ಬಿಡಿಸಿದ್ದ ಬೃಹತ್ ಚಿತ್ರಗಳನ್ನು ಇಂಥದೇ ವಾಹನಗಳ ನೂರಾರು ಚಕ್ರಗುರುತುಗಳು ಸೀಳಿಹಾಕಿರುವುದನ್ನು 2024ರಲ್ಲಿ ಡ್ರೋನ್ ಚಿತ್ರಗಳು ಬಯಲಿಗೆ ತಂದವು. ಗಾಳಿ ಎಲ್ಲವನ್ನೂ ಅಳಿಸುತ್ತದೆ ಎನ್ನುವವರು ಆ ಚಿತ್ರಗಳನ್ನು ಒಮ್ಮೆ ನೋಡಲಿ.

ಇಲ್ಲೊಂದು ವಿಪರ್ಯಾಸವನ್ನೂ ಹೇಳಬೇಕು. ಚಲಿಸುವ ಮರಳು ಹೊಲ, ರಸ್ತೆ, ರೈಲುಹಳಿ, ಕಾಲುವೆಗಳನ್ನು ಮುಚ್ಚುತ್ತದೆಂದು 1952ರಲ್ಲಿ ಸರ್ಕಾರ ಜೋಧಪುರದಲ್ಲಿ ಮರುಭೂಮಿ ಅರಣ್ಯೀಕರಣ ಕೇಂದ್ರವೊಂದನ್ನು ತೆರೆಯಿತು. 1959ರಲ್ಲಿ ಅದೇ ಕೇಂದ್ರೀಯ ಶುಷ್ಕವಲಯ ಸಂಶೋಧನಾ ಸಂಸ್ಥೆಯಾಯಿತು. ಅಲ್ಲಿಯ ವಿಜ್ಞಾನಿಗಳು ರೂಪಿಸಿದ ವಿಧಾನ ಸರಳ: ದಿಣ್ಣೆಗೆ ಬೇಲಿ ಹಾಕಿ, ಒಣಪೊದೆಗಳನ್ನು ಗಾಳಿಗೆ ಅಡ್ಡಲಾಗಿ ಸಾಲುಸಾಲಾಗಿ ಹೂಳಿ, ಆ ಮರೆಯಲ್ಲಿ ಹುಲ್ಲು, ಗಿಡಗಳನ್ನು ಹಿಡಿಸುವುದು. (ಹೊರದೇಶದ ಜಾಲಿಯನ್ನು ಅಲ್ಲಿ ತಂದು ತುಂಬಿದ್ದರ ಬಗ್ಗೆ ನನಗೆ ಬೇರೆಯೇ ಜಗಳವಿದೆ, ಅಕೇಶಿಯಾ ಕಂಡ ನಮಗೆ ಅದನ್ನು ವಿವರಿಸಬೇಕಿಲ್ಲ.) ಏಳು ದಶಕಗಳಿಂದ ಸಾರ್ವಜನಿಕ ಹಣದಲ್ಲಿ ಒಂದು ಇಲಾಖೆ ದಿಣ್ಣೆಯನ್ನು ನಿಲ್ಲಿಸುತ್ತಿದೆ. ಖಾಸಗಿ ಹಣದಲ್ಲಿ ಇನ್ನೊಬ್ಬರು ಬಂದು ಅದನ್ನು ಬಿಚ್ಚುತ್ತಿದ್ದಾರೆ.

ನೀರಿನ ವಿಷಯಕ್ಕೆ ಬರೋಣ, ಏಕೆಂದರೆ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಜೈಸಲ್ಮೇರ್ ಸೀಮೆಯಲ್ಲಿ ಖಡೀನ್ ಎಂಬ ವ್ಯವಸ್ಥೆಯಿದೆ. ಹದಿನೈದನೆಯ ಶತಮಾನದಲ್ಲಿ ಪಾಲೀವಾಲ ಬ್ರಾಹ್ಮಣರು ಅದನ್ನು ಬೆಳೆಸಿದರೆಂದು ಹೇಳುತ್ತಾರೆ. ಎತ್ತರದ ಕಲ್ಲು, ಗರಸಿನ ಬೋಳು ನೆಲದ ಮೇಲೆ ಬಿದ್ದ ಮಳೆ ಹರಿದು ಬಂದು ತಗ್ಗಿನ ಹೊಲದಲ್ಲಿ ನಿಲ್ಲುವಂತೆ ಉದ್ದನೆಯ ಮಣ್ಣಿನ ಒಡ್ಡು ಹಾಕುತ್ತಾರೆ. ಒಂದು ಎಕರೆ ಹೊಲಕ್ಕೆ ಹನ್ನೆರಡು ಹದಿನೈದು ಎಕರೆ ಜಲಾನಯನ. ನೀರು ನಿಂತು ಇಂಗಿದ ಮೇಲೆ, ಹಿಂಗಾರಿನಲ್ಲಿ, ಒಂದು ಹನಿ ನೀರಾವರಿಯಿಲ್ಲದೆ ಗೋಧಿ, ಕಡಲೆ ಬೆಳೆಯುತ್ತಾರೆ. ನೂರೈವತ್ತು, ಇನ್ನೂರು ಮಿಲಿಮೀಟರ್ ಮಳೆಯಲ್ಲಿ ಗೋಧಿ! ಕೃಷಿ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವರು ಅದರ ಮುಂದೆ ಟೋಪಿ ತೆಗೆದು ನಿಲ್ಲಬೇಕಾದ ವಿದ್ಯೆ ಅದು. ಈಗ ಯೋಚಿಸಿ: ಆ ಹದಿನೈದು ಎಕರೆ ಜಲಾನಯನ ನೋಡುವವನ ಕಣ್ಣಿಗೆ ಏನಾಗಿ ಕಾಣುತ್ತದೆ? ಏನೂ ಬೆಳೆಯದ, ಬೇಲಿಯಿಲ್ಲದ, ಗಟ್ಟಿ ನೆಲ. ಗಾಡಿ ಓಡಿಸಲು ಹೇಳಿ ಮಾಡಿಸಿದ ಬಯಲು. ಹತ್ತು ಗಾಡಿ ಒಂದೇ ಜಾಡಿನಲ್ಲಿ ಹೋದರೆ ಎರಡು ಗೆರೆ ಕೊರೆಯುತ್ತದೆ. ಮುಂದಿನ ಮಳೆಯಲ್ಲಿ ಹಾಳೆಯಂತೆ ಹರಡಿ ಹರಿಯಬೇಕಾದ ನೀರು ಆ ಗೆರೆಗೆ ಇಳಿದು ಓಡುತ್ತದೆ. ಗೆರೆ ಕೊರಕಲಾಗುತ್ತದೆ, ಕೊರಕಲು ಒಡ್ಡನ್ನು ತಪ್ಪಿಸಿ ಎತ್ತಲೋ ಹೋಗುತ್ತದೆ, ಇಲ್ಲವೇ ಒಂದೇ ಕಡೆ ರಭಸದಿಂದ ಬಡಿದು ಒಡ್ಡನ್ನೇ ಒಡೆಯುತ್ತದೆ. ವರ್ಷಕ್ಕೆ ಎರಡೋ ಮೂರೋ ಹದಮಳೆ ಬೀಳುವ ಊರಿನಲ್ಲಿ ಒಂದು ಮಳೆ ತಪ್ಪಿದರೆ ಆ ವರ್ಷದ ಗೋಧಿ ತಪ್ಪಿದಂತೆ.

ಖಡೀನಿನ ಒಡ್ಡಿನ ಮೇಲೆ ಕುಳಿತಿದ್ದ ಒಬ್ಬ ವೃದ್ಧ ರೈತರು ಇಂಥದೇ ಜೋಡಿ ಗೆರೆಗಳನ್ನು ನನಗೆ ತೋರಿಸಿದರು. ಕೋಪವಿರಲಿಲ್ಲ. ಗಾಡಿಯವರು ಒಳ್ಳೆಯ ಹುಡುಗರು, ಚಹಾ ಕೊಟ್ಟರೆ ಕುಡಿದು ಹೋಗುತ್ತಾರೆ, ಇದು ಹೊಲವೆಂದು ಅವರಿಗೆ ಗೊತ್ತಾಗುವುದಿಲ್ಲ, ಗೊತ್ತಾಗುವುದಾದರೂ ಹೇಗೆ ಎಂದರು. ಆಮೇಲೆ ಸಲಿಕೆ ತೆಗೆದುಕೊಂಡು ಗೆರೆಗೆ ಅಡ್ಡವಾಗಿ ಸಣ್ಣ ಸಣ್ಣ ಕಟ್ಟೆ ಹಾಕತೊಡಗಿದರು. ಆ ಗೆರೆ ಕಣ್ಣಿಗೆ ಕಾಣುವಷ್ಟು ದೂರವಿತ್ತು.

ಅನುಪಮ ಮಿಶ್ರರು 1995ರಲ್ಲಿ ಪ್ರಕಟವಾದ 'ರಾಜಸ್ಥಾನ್ ಕೀ ರಜತ್ ಬೂಂದೇಂ' ಎಂಬ ಪುಸ್ತಕದಲ್ಲಿ ಮರುಭೂಮಿಯವರು ನೀರನ್ನು ಮೂರು ಬಗೆಯಾಗಿ ಎಣಿಸುತ್ತಾರೆಂದು ವಿವರಿಸಿದ್ದಾರೆ. ಮಳೆಯಿಂದ ನೇರ ಸಿಗುವ ಮೇಲ್ನೀರು, ಪಾತಾಳದ ಬಾವಿನೀರು, ಇವೆರಡರ ನಡುವೆ ಮರಳಿನಲ್ಲಿ ಪಸೆಯಾಗಿ ಉಳಿದ ನೀರು. ಮರಳಿನ ಕೆಳಗೆ ಜಿಪ್ಸಮ್ಮಿನ ಪದರವಿರುವ ಕಡೆ ಆ ಪಸೆ ಕೆಳಗಿನ ಉಪ್ಪುನೀರಿಗೆ ಸೇರದೆ ನಿಲ್ಲುತ್ತದೆ. ಒಬ್ಬ ಮನುಷ್ಯ ಮಾತ್ರ ಇಳಿಯಬಲ್ಲ ಕಿರುಬಾವಿ ತೋಡಿ ಅದನ್ನು ಹನಿಹನಿಯಾಗಿ ಪಡೆಯುತ್ತಾರೆ. ಈ ಕಿರುಬಾವಿಗಳಿರುವುದು ದಿಣ್ಣೆಗಳ ನಡುವೆಯೇ. ಪ್ರವಾಸಿ ಶಿಬಿರಕ್ಕಾದರೆ ಸ್ನಾನದ ನೀರು ಟ್ಯಾಂಕರಿನಲ್ಲಿ ಬರುತ್ತದೆ.

ಪ್ರಾಣಿಗಳ ಮಾತು. ಸಾಂಡಾ ಎಂಬ ಮುಳ್ಳುಬಾಲದ ಹಲ್ಲಿ ಗಟ್ಟಿ ನೆಲದಲ್ಲಿ ಬಿಲ ತೋಡಿ ಚಳಿಗಾಲವನ್ನು ಅದರೊಳಗೇ ನಿದ್ರಿಸಿ ಕಳೆಯುತ್ತದೆ. ಪ್ರವಾಸದ ಋತುವೂ ಅದೇ ಚಳಿಗಾಲ. ಗಿಡುಗ, ಹದ್ದುಗಳಿಗೆ ಅದೇ ಆಹಾರ. ಆದರೆ ಹೆಚ್ಚು ಹೇಳಬೇಕಾದ್ದು ಎರೆಭೂತದ ಬಗ್ಗೆ. ಈ ಹಕ್ಕಿ ನಮಗೆ ಅಪರಿಚಿತವಲ್ಲ. ಹೆಸರಿನಲ್ಲೇ ನಮ್ಮ ಬಯಲುಸೀಮೆಯ ಎರೆಭೂಮಿ ಇದೆ. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲಿ ಒಂದು ಕಾಲಕ್ಕೆ ಅದು ಕಾಣುತ್ತಿತ್ತು. ಹುಲ್ಲುಗಾವಲಿಗೆ ನೀಲಗಿರಿ ನೆಟ್ಟು ನಾವು ಅದನ್ನು ಅಲ್ಲಿಂದ ಓಡಿಸಿದೆವು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಉಳಿದಿರುವುದು ಬಿಟ್ಟರೆ ಕರ್ನಾಟಕದಲ್ಲಿ ಅದರ ಕಥೆ ಮುಗಿದಿದೆ. ದೇಶದಲ್ಲಿ ಸುಮಾರು ನೂರೈವತ್ತರಷ್ಟು ಉಳಿದಿವೆ, ಬಹುತೇಕ ಎಲ್ಲವೂ ಜೈಸಲ್ಮೇರ್ ಸೀಮೆಯಲ್ಲಿ. ನೆಲದ ಮೇಲೆಯೇ, ಗೂಡೆಂಬ ಗೂಡಿಲ್ಲದೆ, ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಹಕ್ಕಿಗೆ ರಸ್ತೆ ಬಿಟ್ಟು ನುಗ್ಗುವ ಗಾಡಿ ಎಂದರೆ ಏನೆಂದು ಬಿಡಿಸಿ ಹೇಳಬೇಕೆ? 1980ರಲ್ಲಿ ರೂಪುಗೊಂಡ 3,162 ಚದರ ಕಿಲೋಮೀಟರಿನ ಮರುಭೂಮಿ ರಾಷ್ಟ್ರೀಯ ಉದ್ಯಾನ ಹೆಸರಿಗೆ ಉದ್ಯಾನ, ಕಾನೂನಿನ ಕಣ್ಣಿನಲ್ಲಿ ಅಭಯಾರಣ್ಯ. ಒಳಗೆ ಹತ್ತಾರು ಹಳ್ಳಿಗಳಿವೆ. ಸಮ್ ಎಂಬಲ್ಲಿ 2019ರಿಂದ ಈ ಹಕ್ಕಿಯ ಮೊಟ್ಟೆಗಳನ್ನು ಕೃತಕವಾಗಿ ಕಾವು ಕೊಟ್ಟು ಮರಿಮಾಡುವ ಕೇಂದ್ರ ನಡೆಯುತ್ತಿದೆ. ಪ್ರವಾಸಿ ಗಾಡಿಗಳು ಅತಿ ಹೆಚ್ಚು ಗರ್ಜಿಸುವ ದಿಣ್ಣೆಗಳ ಹೆಸರೂ ಸಮ್.

ನ್ಯಾಯ ಹೇಳಬೇಕಾದರೆ, ಎರೆಭೂತವನ್ನು ಕೊಲ್ಲುತ್ತಿರುವುದು ಮುಖ್ಯವಾಗಿ ಜೀಪುಗಳಲ್ಲ, ವಿದ್ಯುತ್ ತಂತಿಗಳು. ಮುಂದಕ್ಕೆ ನೇರ ನೋಟವಿಲ್ಲದ ಭಾರದ ಹಕ್ಕಿ ಅದು, ತಂತಿಗೆ ಬಡಿದು ಬೀಳುತ್ತದೆ. ಭಾರತೀಯ ವನ್ಯಜೀವಿ ಸಂಸ್ಥೆಯ ಅಂದಾಜಿನಂತೆ ಥಾರಿನಲ್ಲಿ ವರ್ಷಕ್ಕೆ ಹದಿನೆಂಟರಷ್ಟು. ಸೌರ ಮತ್ತು ಪವನ ವಿದ್ಯುತ್ತಿನ ಸಾಲುಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಹಾಗಿರುವಾಗ ಪಾಪದ ಪ್ರವಾಸಿಯ ಮೇಲೇಕೆ ಹರಿಹಾಯುತ್ತೀರಿ ಎಂದು ಕೇಳಬಹುದು. ಏಕೆಂದರೆ ತಂತಿಯನ್ನೂ ಜೀಪನ್ನೂ ಅಲ್ಲಿಗೆ ಕರೆದದ್ದು ಒಂದೇ ಶಬ್ದ.

ಆ ಶಬ್ದದ ಚರಿತ್ರೆ ಉದ್ದವಾಗಿದೆ. ಬ್ರಿಟಿಷರ ಕಂದಾಯ ದಫ್ತರದಲ್ಲಿ ತೆರಿಗೆ ಹುಟ್ಟದ ನೆಲವೆಲ್ಲ ಬಂಜರು. ಸ್ವತಂತ್ರ ಭಾರತದ ಬಂಜರುಭೂಮಿ ನಕಾಶೆಯಲ್ಲೂ ಮರುಭೂಮಿಯ ಮರಳಿಗೆ ಒಂದು ವರ್ಗ, ಹುಲ್ಲು ಪೊದೆಗಳ ಬಯಲಿಗೆ ಮತ್ತೊಂದು. 1974ರಲ್ಲಿ, ಮತ್ತೆ 1998ರಲ್ಲಿ, ಪೋಖರಣಿನಲ್ಲಿ ಅಣುಸ್ಫೋಟ ನಡೆಸಿದಾಗಲೂ ದೇಶಕ್ಕೆ ಕಂಡದ್ದು ನಿರ್ಜನ ಮರುಭೂಮಿ. ಸ್ಫೋಟದ ಜಾಗಕ್ಕೆ ಕೆಲವೇ ಕಿಲೋಮೀಟರ್ ದೂರದ ಖೇತೋಲಾಯಿ ಗ್ರಾಮದವರಿಗೆ ಮಾತ್ರ ತಮ್ಮ ಗೋಡೆ ಬಿರುಕು ಬಿಟ್ಟದ್ದು ಕಂಡಿತು. ಈಗ ಸೌರಫಲಕಗಳು ಬರುತ್ತಿರುವುದು ಓರಣ್‌ಗಳ ಮೇಲೆ. ಓರಣ್ ಎಂದರೆ ಕೊಡಗಿನ ದೇವರಕಾಡಿನಂತೆ ದೇವರ ಹೆಸರಿನಲ್ಲಿ ಬಿಟ್ಟ ಊರೊಟ್ಟಿನ ಹುಲ್ಲುಗಾವಲು, ಬನ. ಕಂದಾಯದ ಕಡತದಲ್ಲಿ ಅವುಗಳಲ್ಲಿ ಎಷ್ಟೋ ಬರೀ ಸರ್ಕಾರಿ ಪಾಳು. ಅವುಗಳನ್ನು ಅಳತೆ ಮಾಡಿ ಗುರುತಿಸಿ ಅರಣ್ಯದ ರಕ್ಷಣೆ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನಕ್ಕೆ ನಿರ್ದೇಶಿಸಬೇಕಾಯಿತು.

ಇದು ನಮಗೆ ಹೊಸ ಕಥೆಯೆ? 1984ರಲ್ಲಿ ನಮ್ಮ ಗೋಮಾಳ, ಸೊಪ್ಪಿನಬೆಟ್ಟಗಳ ಅಂಚಿನ ಸುಮಾರು 30,000 ಹೆಕ್ಟೇರ್ ನೆಲವನ್ನು ಪಾಳು ಎಂದು ಹೆಸರಿಸಿ, ಸರ್ಕಾರ ಮತ್ತು ಖಾಸಗಿ ನಾರಿನ ಕಾರ್ಖಾನೆ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ನೀಲಗಿರಿ ಬೆಳೆಯಲು ಕೊಡಹೊರಟರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟು ಸತ್ಯಾಗ್ರಹ ಮಾಡಿದರು. 'ಕಿತ್ತಿಕೊ ಹಚ್ಚಿಕೊ' ಎಂಬ ಅದರ ಹೆಸರು ಈ ಪತ್ರಿಕೆಯ ಹಿರಿಯ ಓದುಗರಿಗೆ ನೆನಪಿದೆ. 1991ರಲ್ಲಿ ಆ ಸಂಸ್ಥೆ ಮುಚ್ಚಿತು. ಅಂದು ನಾವು ಹೇಳಿದ್ದು ಒಂದೇ ಮಾತು: ಇದು ಪಾಳಲ್ಲ, ಇಲ್ಲಿ ನಮ್ಮ ದನ ಮೇಯುತ್ತದೆ, ನಮ್ಮ ಸೊಪ್ಪು ಸಿಗುತ್ತದೆ. ಇಂದು ಅದೇ ನೆಲದ ಮಕ್ಕಳು ಜೈಸಲ್ಮೇರಿನವರ ಗೋಮಾಳವನ್ನು ಪಾಳೆಂದು ನಂಬಿ ಅದರ ಮೇಲೆ ಗಾಡಿ ಹತ್ತಿಸುವುದಾದರೆ ಆ ಸತ್ಯಾಗ್ರಹದಿಂದ ನಾವು ಕಲಿತದ್ದೇನು?

ಪ್ರವಾಸೋದ್ಯಮ ಅಲ್ಲಿಯವರಿಗೆ ಅನ್ನ ಕೊಡುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಬರಗಾಲದ ವರ್ಷದಲ್ಲಿ ಮಾಂಗಣಿಯಾರ್ ಗಾಯಕರಿಗೆ, ಒಂಟೆಯವರಿಗೆ, ಹಳ್ಳಿಯ ಹುಡುಗರಿಗೆ ಕೈಗೆ ಕಾಸು ಸಿಗುವುದು ಸಣ್ಣ ವಿಷಯವಲ್ಲ. ಆದರೆ ಕರಪತ್ರದ ಪ್ರವಾಸದಲ್ಲಿ ದುಡ್ಡು ಎಲ್ಲಿ ಹೋಗುತ್ತದೆಂದು ಲೆಕ್ಕ ಹಾಕಿ. ವಾಹನ ಊರಿನದಲ್ಲ, ಡೀಸೆಲ್ ಊರಿನದಲ್ಲ, ಡೇರೆ ಊರಿನದಲ್ಲ, ಅಡುಗೆಯವರು ಪಟ್ಟಣದವರು, ಮಾರ್ಗದರ್ಶಿ ಮಹಾನಗರದವನು. ಊರಿನದ್ದೆಂದರೆ ಮರಳು, ಅದಕ್ಕೆ ಬೆಲೆಯಿಲ್ಲ, ಏಕೆಂದರೆ ಅದು ಖಾಲಿ. ಒಂಟೆಯ ಮೇಲೆ ಹೋದರೆ ದಿನದ ಬಾಡಿಗೆ ಒಂಟೆಯವನ ಮನೆಗೆ ಹೋಗುತ್ತದೆ. ಭಾರತದಲ್ಲಿ 2012ರ ಜಾನುವಾರು ಗಣತಿಯಲ್ಲಿ ನಾಲ್ಕು ಲಕ್ಷವಿದ್ದ ಒಂಟೆ 2019ರಲ್ಲಿ ಎರಡೂವರೆ ಲಕ್ಷಕ್ಕಿಳಿಯಿತು. 2014ರಲ್ಲಿ ರಾಜಸ್ಥಾನ ಅದನ್ನು ರಾಜ್ಯಪ್ರಾಣಿ ಎಂದು ಸಾರಿದರೂ ಸಾಕುವವನಿಗೆ ಆದಾಯವಿಲ್ಲದೆ ಪ್ರಾಣಿ ಉಳಿಯುವುದಿಲ್ಲ. ಅಗಲವಾದ ಮೆತ್ತನೆಯ ಪಾದದ ಒಂಟೆ ಮರಳಿನಲ್ಲಿ ಹೂತುಕೊಳ್ಳುವುದೂ ಇಲ್ಲ, ಹೂತದ್ದನ್ನು ಎಳೆಯಲು ಇನ್ನೊಂದು ಒಂಟೆಯೂ ಬೇಡ.

ಈ ವಿಷಯ ಮಲೆನಾಡಿನ ಪತ್ರಿಕೆಯಲ್ಲೇಕೆ ಎಂದು ಇನ್ನೂ ಯಾರಿಗಾದರೂ ಅನುಮಾನವಿದ್ದರೆ, ಒಂದು ಭಾನುವಾರ ಮುಳ್ಳಯ್ಯನಗಿರಿಯ ಕಡೆಗೋ ಮಾಂದಲ್‌ಪಟ್ಟಿಯ ಕಡೆಗೋ ಹೋಗಿ ಬರಲಿ. ಶೋಲಾ ಕಾಡಿನ ನೆತ್ತಿಯ ಹುಲ್ಲುಗಾವಲು ನಮ್ಮ ಹಳ್ಳಗಳ ತಲೆದಿಂಬು. ಅಲ್ಲಿ ಇಂಗಿದ ಮಳೆ ಫೆಬ್ರವರಿಯಲ್ಲಿ ಕೆಳಗಿನ ಗದ್ದೆಗೆ ಬರುತ್ತದೆ. ಮರಳಿನಲ್ಲಿ ಗಾಳಿ ಅಳಿಸುತ್ತದೆ ಎಂಬ ನೆಪವಾದರೂ ಇದೆ, ನಮ್ಮ ಜೇಡಿ, ಜಂಬಿಟ್ಟಿಗೆ ನೆಲದಲ್ಲಿ ಅದೂ ಇಲ್ಲ. ಹಸಿ ಮಣ್ಣಿನ ಮೇಲೆ ಹೋದ ಚಕ್ರ ಮಣ್ಣಿನ ರಂಧ್ರಗಳನ್ನು ಮುಚ್ಚಿ ಹೆಂಚಿನಂತೆ ಗಟ್ಟಿಮಾಡುತ್ತದೆ; ಜೂನಿನ ಜೋಡಿಗೆರೆ ಆಗಸ್ಟಿನ ಹೊತ್ತಿಗೆ ಸೊಂಟದ ಆಳದ ಕೊರಕಲು. ಈಗ ಸಕಲೇಶಪುರದ ಸುತ್ತಿನ ಹಳ್ಳಗಳಲ್ಲೂ ಗಾಡಿ ಇಳಿಸುವುದನ್ನು ಸಾಹಸವೆಂದು ಮಾರುತ್ತಿದ್ದಾರೆ. ಮರುಭೂಮಿಗೆ ತರಬೇತಿಗೆ ಹೋಗುವ ನಮ್ಮ ಹುಡುಗರು ಹಿಂದಿರುಗಿ ಬಂದು ಆ ವಿದ್ಯೆಯನ್ನು ಪ್ರಯೋಗಿಸುವುದು ಎಲ್ಲಿ? ನಮ್ಮ ಬ್ಯಾಣದಲ್ಲಿಯೇ.

ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ಥಾರಿಗೆ ಹೋಗಿ. ರೈಲಿನಲ್ಲಿ ಜೋಧಪುರದವರೆಗೆ, ಅಲ್ಲಿಂದ ಜೈಸಲ್ಮೇರಿಗೆ, ಅಲ್ಲಿಂದ ಖೂಡಿಯಂಥ ಹಳ್ಳಿಗೆ ಬಸ್ಸಿನಲ್ಲಿ. ಹಳ್ಳಿಯ ಮನೆಯಲ್ಲಿ ಉಳಿಯಿರಿ, ಕೇರ್ ಸಾಂಗರಿಯ ಪಲ್ಯ ಉಣ್ಣಿರಿ, ದಿಣ್ಣೆಯನ್ನು ನಡೆದು ಹತ್ತಿರಿ. ಹೆಚ್ಚು ದೂರ ಹೋಗಬೇಕೆನಿಸಿದರೆ ಒಂಟೆಯವನನ್ನು ಕೇಳಿ. ಖಡೀನ್ ಎಲ್ಲಿದೆಯೆಂದು ವಿಚಾರಿಸಿ, ಅದರ ಒಡ್ಡಿನ ಮೇಲೆ ನಡೆಯಿರಿ, ಜಲಾನಯನದ ಮೇಲಲ್ಲ. ಗಾಡಿಯ ಪ್ರವಾಸಕ್ಕೆ ಈಗಾಗಲೇ ಹೆಸರು ಕೊಟ್ಟವರಿದ್ದರೆ ಏರ್ಪಡಿಸುವವರನ್ನು ಲಿಖಿತವಾಗಿ ಕೇಳಿ: ದಾರಿ ಯಾವ ಯಾವ ಗ್ರಾಮಗಳ ಗೋಚರ, ಓರಣ್‌ಗಳ ಮೇಲೆ ಹಾಯುತ್ತದೆ, ಆ ಗ್ರಾಮಸಭೆಗಳ ಒಪ್ಪಿಗೆ ಪಡೆದಿದ್ದೀರಾ, ಅಭಯಾರಣ್ಯದ ಗಡಿಯೊಳಗೆ ಹೋಗುತ್ತದೆಯೇ, ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿಪತ್ರದ ಪ್ರತಿ ಕೊಡಿ. ಉತ್ತರ ಬರದಿದ್ದರೆ ಮುಂಗಡ ಹಣ ಹಿಂದಕ್ಕೆ ಕೇಳಿ.

ಗ್ರಾಮಸ್ಥರಲ್ಲಿ ಬೇರೆಯೇ ಕೆಲಸವಿದೆ. ಬರುವ ಗ್ರಾಮಸಭೆಯಲ್ಲಿ ನಿಮ್ಮ ಊರಿನ ಬ್ಯಾಣ, ಗೋಮಾಳ, ಹಳ್ಳದ ಪಾತ್ರಗಳ ಸರ್ವೆ ನಂಬರುಗಳನ್ನು ಪಟ್ಟಿಮಾಡಿ, ರಸ್ತೆ ಬಿಟ್ಟು ಅಲ್ಲಿಗೆ ವಾಹನ ಇಳಿಸಲು ಗ್ರಾಮಸಭೆಯ ಒಪ್ಪಿಗೆಯಿಲ್ಲವೆಂದು ಠರಾವು ಬರೆಸಿ. ನಡಾವಳಿಯ ದೃಢೀಕೃತ ಪ್ರತಿ ತೆಗೆದುಕೊಂಡು ತಹಶೀಲ್ದಾರರಿಗೂ ವಲಯ ಅರಣ್ಯಾಧಿಕಾರಿಗಳಿಗೂ ಸ್ವೀಕೃತಿ ಸಹಿತ ಸಲ್ಲಿಸಿ. ಠರಾವಿನ ಕರಡು ಬೇಕಾದವರಿಗೆ ನಮ್ಮ ಬಳಗದಿಂದ ಕಳುಹಿಸಿಕೊಡುತ್ತೇವೆ. ಪಹಣಿಯಲ್ಲಿ ನಿಮ್ಮ ಗೋಮಾಳದ ಮುಂದೆ 'ಖರಾಬು' ಎಂದು ಬರೆದಿದೆಯೇ ಎಂಬುದನ್ನೂ ಅದೇ ದಿನ ನೋಡಿಕೊಂಡು ಬನ್ನಿ.